ಗದ್ದೆ ಗುತ್ತಿಗೆಗೆ: ದುಡ್ಡಿಗೋ, ಭತ್ತಕ್ಕೋ, ಪಾಲಿಗೋ?

"ಈ ಸಲ ಎಕರೆಗೆ ಎಷ್ಟು ನಡೀತಿದೆ?" ಯುಗಾದಿ ಕಳೆದ ಮೇಲೆ ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಕಡೆ ಗೊಬ್ಬರದ ಅಂಗಡಿಯಲ್ಲಿ, ಸೊಸೈಟಿ ಕಟ್ಟೆಯಲ್ಲಿ ಕೇಳಿಬರುವ ಪ್ರಶ್ನೆ ಇದು. ಯಾರೋ ಒಂದು ಮೊತ್ತ ಹೇಳುತ್ತಾರೆ, ಅದೇ ಊರ ತುಂಬ ಓಡಾಡುತ್ತದೆ. ಆ ಮೊತ್ತ ಹೊಳೆಹೊನ್ನೂರು ಕಡೆಯ ನಾಲೆಗದ್ದೆಯ ಎರಡು ಬೆಳೆಗೆ ಹೇಳಿದ್ದೋ, ಸೊರಬದ ಖುಷ್ಕಿಯಲ್ಲಿ (ಮಳೆ ನಂಬಿದ ಒಣಭೂಮಿಯಲ್ಲಿ) ಒಂದು ಬೆಳೆ ಮೆಕ್ಕೆಜೋಳಕ್ಕೆ ಹೇಳಿದ್ದೋ, ಶುಂಠಿ ಹಾಕುವವರು ಮುಂಗಡ ಎಣಿಸಿದ್ದೋ ಎಂದು ಯಾರೂ ವಿಚಾರಿಸುವುದಿಲ್ಲ. ತೀರ್ಥಹಳ್ಳಿಯ ಮಳೆಗದ್ದೆಯವರೂ ಅದನ್ನೇ ಕೇಳಿಸಿಕೊಂಡು "ನಮ್ಮ ಗದ್ದೆಗೆ ಯಾಕೆ ಯಾರೂ ಕೊಡೋದಿಲ್ಲ" ಎಂದು ಬೇಸರಪಡುತ್ತಾರೆ.

ಗುತ್ತಿಗೆಯ ದರಕ್ಕಿಂತ ಗುತ್ತಿಗೆಯ ಬಗೆ ಮುಖ್ಯ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದುಡ್ಡಿನ ಗುತ್ತಿಗೆ, ಭತ್ತದ ಗೇಣಿ (ಬಾಡಿಗೆಯನ್ನು ಭತ್ತದಲ್ಲೇ ಅಳೆಯುವುದು), ಪಾಲು (ಫಸಲನ್ನು ಹಂಚಿಕೊಳ್ಳುವುದು), ಈ ಮೂರರಲ್ಲಿ ಯಾವುದು ಒಳ್ಳೆಯದು ಎಂದು ತೀರ್ಮಾನಿಸಬೇಕಾದರೆ ಒಳ್ಳೆಯ ವರ್ಷದಲ್ಲಿ ಯಾರಿಗೆ ಎಷ್ಟು ಸಿಗುತ್ತದೆ ಎಂದು ನೋಡಿದರೆ ಸಾಲದು. ಕೆಟ್ಟ ವರ್ಷದ ಪೆಟ್ಟನ್ನು ಯಾರು ತಿನ್ನುತ್ತಾರೆ, ತಿಂದು ಮುಂದಿನ ವರ್ಷ ಮತ್ತೆ ಬಿತ್ತಲು ಉಳಿಯುತ್ತಾರೆಯೇ ಎಂದು ನೋಡಬೇಕು. ಜಮೀನು ಕೊಡುವವರಿಗೂ ಇದು ಸಂಬಂಧಿಸಿದ ಮಾತೇ. ಗದ್ದೆ ಮಾಡುವವನು ಒಂದು ಬರಗಾಲಕ್ಕೆ ಮುಳುಗಿಹೋದರೆ ಮಾರನೇ ವರ್ಷ ನಿಮ್ಮ ಗದ್ದೆಗೆ ಬರುವವರು ಯಾರು?

ಮೊದಲು ಉಳಿಕೆ, ಆಮೇಲೆ ಗುತ್ತಿಗೆ

ಹೆಚ್ಚಿನವರು ಗುತ್ತಿಗೆ ಹಣವನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಬೆಳೆಯ ಲೆಕ್ಕಕ್ಕೆ ಕೂರುತ್ತಾರೆ. ಕ್ರಮ ತಿರುಗಬೇಕು. ಬೆಳೆ ಮಾರಿ ಬಂದದ್ದರಲ್ಲಿ ಬೀಜ, ಗೊಬ್ಬರ, ಔಷಧಿ, ಉಳುಮೆ, ನಟ್ಟಿ, ಕಳೆ, ಕೊಯ್ಲು, ಸಾಗಣೆ, ಜೊತೆಗೆ ಗದ್ದೆ ಮಾಡುವವನ ಮತ್ತು ಅವನ ಮನೆಯವರ ಕೂಲಿ ಕಳೆದು ಏನು ಉಳಿಯುತ್ತದೋ ಅದರೊಳಗೇ ಗುತ್ತಿಗೆ ಬರಬೇಕು. ಮನೆಯವರ ಕೂಲಿಯನ್ನು ಬಿಟ್ಟು ಲೆಕ್ಕ ಹಾಕಿದರೆ ಲಾಭ ಕಂಡಂತಾಗುತ್ತದೆ. ಅದು ಲಾಭವಲ್ಲ, ಗಂಡ ಹೆಂಡತಿ ಇಬ್ಬರೂ ನಾಲ್ಕೈದು ತಿಂಗಳು ಕೆಸರಿನಲ್ಲಿ ನಿಂತ ಕೂಲಿ.

ಉಳಿಕೆಯನ್ನು ಒಂದು ವರ್ಷದ ಮೇಲೆ ಕಟ್ಟಲೂಬಾರದು. ಈ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. 17ನೇ ಶತಮಾನದಲ್ಲಿ ಕೆಳದಿಯ ಅರಸ ಶಿವಪ್ಪ ನಾಯಕ ‘ಶಿಸ್ತು’ ಎಂಬ ಕಂದಾಯ ಪದ್ಧತಿ ಕಟ್ಟಿದ್ದು ಹೀಗೆಯೇ. ಊರೂರಿನ ಒಂದೊಂದು ತರದ ಭೂಮಿಯಲ್ಲಿ ಒಂದು ತುಂಡನ್ನು ಸರ್ಕಾರದ ಲೆಕ್ಕದಲ್ಲೇ 12 ವರ್ಷ ಸಾಗುವಳಿ ಮಾಡಿಸಿ, ಖರ್ಚನ್ನೂ ಫಸಲನ್ನೂ ಬರೆಸಿ, ಸರಾಸರಿ ತೆಗೆದು, ಭೂಮಿಯನ್ನು ಐದು ತರಗಳಾಗಿ ವಿಂಗಡಿಸಿ ಕಂದಾಯ ನಿಗದಿ ಮಾಡಿದ. ಅವನು ಹಿಡಿದದ್ದು ಫಸಲಿನ ಮೂರನೇ ಒಂದು ಪಾಲು. ಆ ಪಾಲು ಇಂದಿಗೆ ಹೊಂದುವುದಿಲ್ಲ, ಏಕೆಂದರೆ ಈಗ ಗೊಬ್ಬರ, ಡೀಸೆಲ್, ಕೂಲಿಗಳೇ ಫಸಲಿನ ಅರ್ಧಕ್ಕಿಂತ ಹೆಚ್ಚು ನುಂಗುತ್ತವೆ. ವಿಧಾನ ಮಾತ್ರ ಇಂದಿಗೂ ಸರಿ. ಹನ್ನೆರಡು ವರ್ಷದ ಲೆಕ್ಕ ನಮ್ಮ ಹತ್ತಿರ ಇರುವುದಿಲ್ಲ, ನಾಲ್ಕು ವರ್ಷದ್ದನ್ನಾದರೂ ಹಿಂದಿನವರನ್ನು ಕೇಳಿ ಬರೆದುಕೊಳ್ಳಬಹುದು.

ಬೆಂಬಲ ಬೆಲೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2025-26ಕ್ಕೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ, ಮೆಕ್ಕೆಜೋಳಕ್ಕೆ 2,400. ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟು ಎಂದು ಸರ್ಕಾರ ಹೇಳುವಾಗ ಭತ್ತಕ್ಕೆ ಹಿಡಿದ ವೆಚ್ಚ ಕ್ವಿಂಟಲಿಗೆ 1,579 ರೂಪಾಯಿ. ಇದು ಇಡೀ ದೇಶದ ಸರಾಸರಿ. ಕೈಯಿಂದ ಹಾಕಿದ ಖರ್ಚು, ಮನೆಯವರ ದುಡಿಮೆ, ಗುತ್ತಿಗೆಗೆ ಹಿಡಿದ ಜಮೀನಿಗೆ ಕೊಟ್ಟ ಬಾಡಿಗೆ ಇದರಲ್ಲಿವೆ, ಸ್ವಂತ ಜಮೀನಿನ ಬಾಡಿಗೆ ಬೆಲೆ ಇಲ್ಲ. ಸ್ವಂತ ಗದ್ದೆಯವರು ಕೊಡದ ಬಾಡಿಗೆ, ಗುತ್ತಿಗೆಯವರು ಕೊಡುವ ಬಾಡಿಗೆ ಎರಡೂ ಸೇರಿ ಸರಾಸರಿಯಾದಾಗ ಕ್ವಿಂಟಲಿನ ಮೇಲೆ ಬೀಳುವ ಬಾಡಿಗೆ ತೆಳುವಾಗಿಬಿಡುತ್ತದೆ. ಪೂರ್ತಿ ಗುತ್ತಿಗೆ ಕೊಟ್ಟು ಬೆಳೆಯುವವನ ವೆಚ್ಚ ಅದಕ್ಕಿಂತ ಬಹಳ ಮೇಲಿರುತ್ತದೆ. "ಒಂದೂವರೆ ಪಟ್ಟು ಸಿಗುತ್ತದಲ್ಲ" ಎಂಬ ಭರವಸೆಯ ಮೇಲೆ ಗುತ್ತಿಗೆ ಏರಿಸಬೇಡಿ. ಅಲ್ಲದೆ ಬೆಂಬಲ ಬೆಲೆಗೆ ಮಾರಲು ಫ್ರೂಟ್ಸ್ ಎಂಬ ಸರ್ಕಾರದ ರೈತರ ಪಟ್ಟಿಯಲ್ಲಿ ನೋಂದಣಿ ಬೇಕು, ಅದು ಪಹಣಿಯಲ್ಲಿ ಹೆಸರಿದ್ದವರದು, ಹಣ ಬೀಳುವುದೂ ಅವರ ಖಾತೆಗೆ. ಗುತ್ತಿಗೆಯವನು ಸಾಮಾನ್ಯವಾಗಿ ಕಣದಲ್ಲೇ ವ್ಯಾಪಾರಿಗೆ ಅಳೆಯುತ್ತಾನೆ. ಆದ್ದರಿಂದ ಮುಂದಿನ ಲೆಕ್ಕದಲ್ಲಿ ನಾನು ಬೆಂಬಲ ಬೆಲೆ ಹಿಡಿಯುವುದಿಲ್ಲ.

ಒಂದೇ ಎಕರೆ, ಮೂರು ಬಗೆ

ಭದ್ರಾ ನಾಲೆಯ ಒಂದು ಎಕರೆ, ಮಳೆಗಾಲದ ಒಂದು ಬೆಳೆ ಎಂದಿಟ್ಟುಕೊಳ್ಳೋಣ. ಅಂಕಿಗಳು ಲೆಕ್ಕ ತೋರಿಸಲು ಹಾಕಿಕೊಂಡವು. ನಿಮ್ಮ ಗದ್ದೆಯ ಅಂಕಿ ಹಾಕಿ ಇದೇ ದಾರಿಯಲ್ಲಿ ನಡೆಯಿರಿ. ಒಳ್ಳೆಯ ವರ್ಷ 22 ಕ್ವಿಂಟಲ್, ಕಣದ ದರ 2,200, ಒಟ್ಟು 48,400. ಜಮೀನು ಬಿಟ್ಟು ಉಳಿದೆಲ್ಲ ಖರ್ಚು, ಮನೆ ಕೂಲಿ ಸೇರಿ, 28,000. ಉಳಿಕೆ 20,400. ಕೆಟ್ಟ ವರ್ಷ ಬೆಂಕಿ ರೋಗವೋ ಕಂದು ಜಿಗಿಹುಳವೋ ಬಿದ್ದು, ಕೊಯ್ಲಿಗೆ ಮಳೆ ಹಿಡಿದು 16 ಕ್ವಿಂಟಲ್ ಬಂತು, ಬಣ್ಣ ಹೋದ ಭತ್ತಕ್ಕೆ 1,900 ಸಿಕ್ಕಿತು. ಒಟ್ಟು 30,400, ಖರ್ಚು 27,000, ಉಳಿಕೆ 3,400. ನಾಲ್ಕು ವರ್ಷಕ್ಕೆ ಒಂದು ಕೆಟ್ಟದ್ದು ಎಂದರೆ ನಾಲ್ಕು ವರ್ಷದ ಉಳಿಕೆ 64,600. ಹುಲ್ಲಿನ ಬೆಲೆ ಇದರಲ್ಲಿ ಸೇರಿಲ್ಲ.

ದುಡ್ಡಿನ ಗುತ್ತಿಗೆ 10,000 ಎಂದು ಮಾತಾದರೆ ಜಮೀನಿನವರಿಗೆ ನಾಲ್ಕು ವರ್ಷಕ್ಕೆ 40,000 ಖಾತ್ರಿ. ಗದ್ದೆ ಮಾಡುವವನಿಗೆ ಒಳ್ಳೆಯ ವರ್ಷ 10,400 ಉಳಿಯುತ್ತದೆ, ಕೆಟ್ಟ ವರ್ಷ 6,600 ಕೈಬಿಡುತ್ತದೆ, ಕೊನೆಗೆ ಉಳಿದದ್ದು 24,600. ಗುತ್ತಿಗೆ ಹಣವನ್ನು ನಟ್ಟಿಗೆ ಮೊದಲೇ ಎಣಿಸಬೇಕು ಎಂದಾದರೆ ಅವನು ಅದನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ತಂದಿರುತ್ತಾನೆ. ಆರು ತಿಂಗಳಿಗೆ 1,200 ರೂಪಾಯಿ ಬಡ್ಡಿ. ಮುಂಗಡ ಕೇಳುವ ಜಮೀನಿನವರು ತಮ್ಮ ದರ 10,000 ಎಂದುಕೊಂಡಿರುತ್ತಾರೆ, ಅವನಿಗೆ ಬಿದ್ದದ್ದು 11,200.

ಭತ್ತದ ಗೇಣಿ ಎಕರೆಗೆ ನಾಲ್ಕೂವರೆ ಕ್ವಿಂಟಲ್ ಎಂದರೆ ಒಳ್ಳೆಯ ವರ್ಷ 9,900 ರೂಪಾಯಿಯ ಭತ್ತ, ಕೆಟ್ಟ ವರ್ಷ 8,550ರದು. ದರ ಕುಸಿದ ಪೆಟ್ಟನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ, ಫಸಲು ಕುಸಿದ ಪೆಟ್ಟು ಗದ್ದೆ ಮಾಡುವವನದೇ. ನಾಲ್ಕು ವರ್ಷಕ್ಕೆ ಜಮೀನಿನವರಿಗೆ 38,250, ಅವನಿಗೆ 26,350.

ಅರ್ಧ ಪಾಲಿನಲ್ಲಿ, ಖರ್ಚೂ ಅರ್ಧರ್ಧ ಎಂದಾದರೆ, ಇಬ್ಬರಿಗೂ 32,300. ಕೆಟ್ಟ ವರ್ಷವೂ ಇಬ್ಬರ ಕೈಯಲ್ಲಿ 1,700 ಇರುತ್ತದೆ, ಯಾರೂ ಸಾಲಕ್ಕೆ ಬೀಳುವುದಿಲ್ಲ. ಆದರೆ ಜಮೀನಿನವರು ಬೆಳೆಗೆ 14,000 ರೂಪಾಯಿ ಕೈಯಿಂದ ಹಾಕಬೇಕು, ಗೊಬ್ಬರ ತರಿಸಿದ್ದು, ಕೂಲಿ ಎಣಿಸಿದ್ದು ನೋಡಿಕೊಳ್ಳಬೇಕು, ಕೊಯ್ಲಿನ ದಿನ ಗದ್ದೆಯಲ್ಲಿರಬೇಕು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ಹಬ್ಬಕ್ಕೆ ಊರಿಗೆ ಬರುವವರಿಗೆ ಇದು ಆಗುವ ಮಾತಲ್ಲ. ಅರ್ಧ ಪಾಲು ಎಂದು ಹೇಳಿ ಖರ್ಚನ್ನೆಲ್ಲ ಗದ್ದೆ ಮಾಡುವವನ ಮೇಲೆ ಹಾಕುವ ಪದ್ಧತಿ ಇನ್ನೂ ಕೆಲವೆಡೆ ಇದೆ. ಇದೇ ಎಕರೆಯಲ್ಲಿ ಹಾಗೆ ಮಾಡಿದರೆ ಒಳ್ಳೆಯ ವರ್ಷವೂ ಅವನ ಪಾಲಿನ 24,200ರಲ್ಲಿ 28,000 ಖರ್ಚು ಕಳೆಯಬೇಕು. ಮನೆಮಂದಿಯ ಕೂಲಿಯನ್ನು ಬಿಟ್ಟುಕೊಟ್ಟು ಮಾತ್ರ ಅದನ್ನು ನಡೆಸಲು ಸಾಧ್ಯ. ಅಂಥ ಕರಾರಿಗೆ ಒಪ್ಪಬೇಡಿ, ಕೇಳಲೂ ಬೇಡಿ.

ನಾಲೆಗದ್ದೆಗೆ ನಾನು ಹೇಳುವುದು ನಾಲ್ಕನೆಯ ದಾರಿ. ದುಡ್ಡಿನ ಗುತ್ತಿಗೆಯೇ ಇರಲಿ, ಕೆಟ್ಟ ವರ್ಷಕ್ಕೆ ಅರ್ಧ ಎಂದು ಮೊದಲೇ ಮಾತಾಗಿರಲಿ. ಕೆಟ್ಟ ವರ್ಷ ಎಂದರೆ ಯಾವುದು ಎಂಬುದನ್ನೂ ಆಗಲೇ ಗೊತ್ತುಮಾಡಿ: ಎಕರೆಗೆ ಇಷ್ಟು ಕ್ವಿಂಟಲಿಗಿಂತ ಕಡಿಮೆ ಬಂದರೆ, ಅಥವಾ ನಾಲೆಗೆ ನೀರೇ ಬಿಡದಿದ್ದರೆ. ಮೇಲಿನ ಲೆಕ್ಕದಲ್ಲಿ ಜಮೀನಿನವರಿಗೆ ನಾಲ್ಕು ವರ್ಷಕ್ಕೆ 35,000 ಬರುತ್ತದೆ, ಗದ್ದೆ ಮಾಡುವವನ ಕೆಟ್ಟ ವರ್ಷದ ನಷ್ಟ 6,600ರಿಂದ 1,600ಕ್ಕೆ ಇಳಿಯುತ್ತದೆ. ಐದು ಸಾವಿರ ಬಿಟ್ಟುಕೊಟ್ಟು ನಂಬಿಗಸ್ಥ ಮನುಷ್ಯನನ್ನು ಉಳಿಸಿಕೊಳ್ಳುವುದು ದೊಡ್ಡ ಬೆಲೆಯೇನಲ್ಲ.

ಬೇಸಿಗೆ ಬೆಳೆಯ ಗುತ್ತಿಗೆಯನ್ನು ಮಳೆಗಾಲದ್ದರ ಜೊತೆ ಸೇರಿಸಿ ಒಂದೇ ಮೊತ್ತ ಹೇಳುವುದು ಬೇಡ. ಬೇಸಿಗೆಗೆ ನೀರು ಬಿಡುವುದು ಭದ್ರಾ ಜಲಾಶಯದಲ್ಲಿ ಎಷ್ಟು ನಿಂತಿದೆ ಎಂಬುದರ ಮೇಲೆ. ಪೂರ್ತಿ ಮಟ್ಟ 186 ಅಡಿ. 2023ರಲ್ಲಿ ಮುಂಗಾರು ಕೈಕೊಟ್ಟಾಗ ಏನಾಯಿತೆಂದು ಅಚ್ಚುಕಟ್ಟಿನವರಿಗೆ (ನಾಲೆ ನೀರಿನ ಜಮೀನಿನವರಿಗೆ) ಯಾರೂ ನೆನಪಿಸಬೇಕಿಲ್ಲ. ನೀರು ಕಡಿಮೆಯಾದಾಗ ಮೊದಲು ನಿಲ್ಲುವುದು ಭತ್ತಕ್ಕೆ, ನಿಂತ ತೋಟವನ್ನು ಒಣಗಲು ಬಿಡಲಾಗುವುದಿಲ್ಲ. ನೀರಾವರಿ ಸಲಹಾ ಸಮಿತಿಯ ಸಭೆ ಮುಗಿದು ನಾಲೆಗೆ ನೀರಿನ ದಿನ ಗೊತ್ತಾದ ಮೇಲೆಯೇ ಬೇಸಿಗೆಯ ಹಣ ಕೈಬದಲಾಗಲಿ.

ಗದ್ದೆ ನೋಡಲು ಹೋಗುವವರು ತೂಬಿನಿಂದ ಎಷ್ಟು ದೂರ ಎಂದು ಕೇಳುವುದು ಬಿಟ್ಟು ನಾಲೆ ಓಡುತ್ತಿರುವ ದಿನಗಳಲ್ಲಿ ಹೋಗಿ ನಿಂತು ನೋಡಿ. ನಾಲೆಯ ಕೊನೆ ಭಾಗದಲ್ಲಿ ಕಾಲುವೆ ತುಂಬ ನೀರಿದ್ದರೂ ಗದ್ದೆಯ ಬಾಯಿಗೆ ರಾತ್ರಿ ಮಾತ್ರ ಬರುವುದುಂಟು, ಹಗಲು ಮೇಲಿನವರು ಕಟ್ಟಿಕೊಂಡಿರುತ್ತಾರೆ. ಅಂಥ ಗದ್ದೆ ಹಿಡಿದರೆ ರಾತ್ರಿ ಟಾರ್ಚ್ ಹಿಡಿದು ಬದುವಿನ ಮೇಲೆ ಕೂರುವ ಕೆಲಸವೂ ನಿಮ್ಮದೇ. ಬದುವಿನ ಏಡಿ ಬಿಲ ನೋಡಿ, ನೀರು ಕೆಳಗಿನ ಗದ್ದೆಗೆ ಸೋರುತ್ತಿದೆಯೋ ತಿಳಿಯುತ್ತದೆ. ಒಣಗಿದ ಗದ್ದೆಯ ತಗ್ಗಿನಲ್ಲಿ ಬಿಳಿ ಪುಡಿ ಎದ್ದಿದ್ದರೆ ಅಲ್ಲಿ ಜವಳು ಹಿಡಿದಿದೆ (ಮಣ್ಣಿಗೆ ಉಪ್ಪು ಏರಿದೆ), ಸಸಿ ಹೊಡೆ ಒಡೆಯುವುದು ಕಡಿಮೆ. ಕೊಯ್ಲಿನ ಯಂತ್ರ ಗದ್ದೆಗೆ ಇಳಿಯಲು ದಾರಿ ಇದೆಯೇ? ಪಕ್ಕದವರ ಬೆಳೆ ಕೊಯ್ದ ಮೇಲಷ್ಟೇ ಯಂತ್ರ ಬರಬಲ್ಲದು ಎಂದಾದರೆ ಹಣ್ಣಾದ ಪೈರು ಮಳೆಗೆ ಮಲಗುವುದನ್ನು ನೋಡುತ್ತ ನಿಲ್ಲಬೇಕಾದೀತು.

ಭತ್ತದಲ್ಲಿ ಗೇಣಿ ಅಳೆಯುವಾಗ

ಭತ್ತದ ಗೇಣಿ ನ್ಯಾಯವಾದ ಬಗೆ. ಜಗಳವೂ ಅಲ್ಲೇ ಹೆಚ್ಚು, ಏಕೆಂದರೆ ಎಷ್ಟು ಎಂಬುದರ ಜೊತೆಗೆ ಯಾವ ಅಳತೆ ಎಂಬುದೂ ಅಲ್ಲಿ ಇತ್ಯರ್ಥವಾಗಬೇಕು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದರ ಹಿಂದೆ ಗೇಣಿ ಅಳೆಯುವ ಕೊಳಗದ ತಕರಾರು ಇತ್ತು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಆ ಸತ್ಯಾಗ್ರಹಕ್ಕೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರನ್ನು ನಾಡು ಗುರುತಿಸಿದ್ದೂ ಆ ಹೋರಾಟದಿಂದ. ಕೊಳಗ ಹೋಗಿ ಚೀಲ ಬಂದಿದೆ, ತಕರಾರು ಹೋಗಿಲ್ಲ. "ಎಕರೆಗೆ ಏಳು ಚೀಲ" ಎಂದು ಮಾತಾಗುತ್ತದೆ. 60 ಕಿಲೋ ಚೀಲವೋ 75 ಕಿಲೋ ಚೀಲವೋ? ಏಳು ಚೀಲದಲ್ಲಿ ಒಂದು ಕ್ವಿಂಟಲಿಗೂ ಹೆಚ್ಚು ವ್ಯತ್ಯಾಸ ಬರುತ್ತದೆ. ಕಿಲೋದಲ್ಲೇ ಮಾತಾಡಿ.

ಇನ್ನೊಂದು ತೇವಾಂಶ. ಸರ್ಕಾರದ ಖರೀದಿಗೆ ಭತ್ತದಲ್ಲಿ ಶೇಕಡಾ 17ಕ್ಕಿಂತ ಹೆಚ್ಚು ತೇವ ಇರಬಾರದು, ಮೆಕ್ಕೆಜೋಳಕ್ಕೆ ಆ ಮಿತಿ 14. ಯಂತ್ರದಿಂದ ಇಳಿದ ಹಸಿ ಭತ್ತದಲ್ಲಿ 24 ಇರುವುದು ಅಪರೂಪವಲ್ಲ. ಹಾಗೆ ಅಳೆದ 100 ಕಿಲೋ ಒಣಗಿ 17ಕ್ಕೆ ಬರುವಾಗ ಸುಮಾರು 92 ಕಿಲೋ ಆಗಿರುತ್ತದೆ. ಗದ್ದೆ ಮಾಡುವವನು ಹಸಿ ಭತ್ತವನ್ನೇ ತೂಗಿ ಕೊಟ್ಟರೆ ಜಮೀನಿನವರಿಗೆ ಕ್ವಿಂಟಲಿಗೆ ಎಂಟು ಕಿಲೋ ಖೋತಾ. ಒಣಗಿಸಿಯೇ ಕೊಡಬೇಕೆಂದರೆ ಟಾರ್ಪಾಲು, ಎರಡು ದಿನದ ಬಿಸಿಲು, ತಿರುವಿಹಾಕುವ ಆಳು, ರಾತ್ರಿ ಕಾವಲು ಎಲ್ಲ ಅವನ ಮೈಮೇಲೆ. "ಕಣದಲ್ಲೇ ಹಸಿ ತೂಕ, ಆದರೆ ಕ್ವಿಂಟಲಿಗೆ ಎಂಟು ಕಿಲೋ ಹೆಚ್ಚಿಗೆ" ಎಂದು ಇತ್ಯರ್ಥ ಮಾಡಿಕೊಂಡವರು ನೆಮ್ಮದಿಯಾಗಿರುತ್ತಾರೆ. ತಳಿಯನ್ನೂ ಹೇಳಿರಬೇಕು. ಸೋನಾಮಸೂರಿಯ ಗೇಣಿಗೂ ದಪ್ಪ ಭತ್ತದ ಗೇಣಿಗೂ ಬೆಲೆ ಒಂದೇ ಅಲ್ಲ. ಹುಲ್ಲು ಯಾರದು ಎಂಬುದನ್ನೂ ಬಿಡಬೇಡಿ, ದನ ಇರುವ ಮನೆಗೆ ಅದು ಸಣ್ಣ ವಿಷಯವಲ್ಲ.

ಮಲೆನಾಡಿನ ಮಳೆಗದ್ದೆ

ಹೊಸನಗರ, ತೀರ್ಥಹಳ್ಳಿ, ಸಾಗರದ ಮಳೆಗದ್ದೆಗೆ ಮೇಲಿನ ಲೆಕ್ಕವನ್ನು ಹೊತ್ತುಕೊಂಡು ಹೋದರೆ ತಪ್ಪುತ್ತದೆ. ತಗ್ಗಿನ ಬೈಲುಗದ್ದೆಯಾದರೆ ಒಳ್ಳೆಯ ವರ್ಷ 14 ಕ್ವಿಂಟಲ್, 30,800 ರೂಪಾಯಿ ಎಂದು ಹಿಡಿಯೋಣ. ಎತ್ತರದ ಮಕ್ಕಿಗದ್ದೆ ಇನ್ನೂ ಕಡಿಮೆ ಕೊಡುತ್ತದೆ. ತುಂಡು ತುಂಡು ಗದ್ದೆ, ದೊಡ್ಡ ಯಂತ್ರ ಇಳಿಯುವುದಿಲ್ಲ, ಟಿಲ್ಲರೇ ಗತಿ, ನಟ್ಟಿಗೆ ಆಳು ಸಿಗುವುದಿಲ್ಲ. ಖರ್ಚು 26,000, ಉಳಿಕೆ 4,800. ಕಾಡುಹಂದಿ ನುಗ್ಗಿದ, ಅಥವಾ ಹೂ ಬರುವ ಹೊತ್ತಿಗೆ ಮಳೆ ಕಡಿದ ವರ್ಷ 9 ಕ್ವಿಂಟಲ್ ಬಂದು, 1,900ಕ್ಕೆ ಹೋದರೆ 17,100, ಖರ್ಚು 24,000. ನಾಲ್ಕು ವರ್ಷದ ಉಳಿಕೆ ಬರೀ 7,500, ವರ್ಷಕ್ಕೆ ಎಕರೆಗೆ 1,875 ರೂಪಾಯಿ. ಒಂದು ಕ್ವಿಂಟಲ್ ಭತ್ತದ ಬೆಲೆಯೂ ಅಲ್ಲ.

ಹೀಗಿರುವಾಗ ಈ ಗದ್ದೆಗೆ ದುಡ್ಡಿನ ಗುತ್ತಿಗೆ ಕೇಳುವುದಕ್ಕೆ ಅರ್ಥವಿಲ್ಲ. ಕೇಳಿದವರ ಗದ್ದೆಗಳು ಹಾಳುಬಿದ್ದಿವೆ, ಬದು ಕುಸಿದು ಕಳೆ ಪೊದೆಗಳು ಆಳೆತ್ತರ ಬೆಳೆದಿವೆ. ಗದ್ದೆ ಹಾಳುಬಿದ್ದರೆ ಅದರ ಮೇಲೆ ನಿಲ್ಲುವ ನೀರು ನಿಲ್ಲುವುದಿಲ್ಲ, ಕೆಳಗಿನ ತೋಟದ ಬಾವಿಗೂ ಅದರ ಪೆಟ್ಟು ಬೀಳುತ್ತದೆ. ಆದ್ದರಿಂದ ಮಳೆಗದ್ದೆಗೆ ನನ್ನ ಆಯ್ಕೆ ಒಂದೇ: ಗದ್ದೆ ಮಾಡುವವನು ಬದು, ಹರಣಿ (ನೀರು ಹರಿಯುವ ದಾರಿ) ಸರಿಯಾಗಿಡಲಿ, ಜಮೀನಿನ ಮನೆಗೆ ಊಟಕ್ಕೆ ಬೇಕಾದಷ್ಟು ಅಕ್ಕಿ ಕೊಡಲಿ, ಹುಲ್ಲು ಹಂಚಿಕೊಳ್ಳಲಿ. ಹಂದಿ ಬೇಲಿಯ ಖರ್ಚನ್ನು ಜಮೀನಿನವರೇ ಹಾಕಲಿ, ಬೇಲಿ ಜಮೀನಿನಲ್ಲೇ ಉಳಿಯುವ ವಸ್ತು. ಇದನ್ನು ಉಪಕಾರ ಎಂದು ಎಣಿಸಬೇಡಿ, ಎರಡೂ ಕಡೆ ಲೆಕ್ಕಕ್ಕೆ ಹೊಂದುವ ವ್ಯವಹಾರ.

ಮೆಕ್ಕೆಜೋಳ, ಶುಂಠಿ, ಅಡಿಕೆ

ಶಿಕಾರಿಪುರ, ಸೊರಬದ ಖುಷ್ಕಿಯಲ್ಲಿ ಮೆಕ್ಕೆಜೋಳಕ್ಕೆ ಹಿಡಿಯುವವರಿಗೆ ಫಸಲಿಗಿಂತ ದರದ ಆಟ ದೊಡ್ಡದು. 18 ಕ್ವಿಂಟಲ್ ಬಂದು 2,000ಕ್ಕೆ ಹೋದರೆ, ಖರ್ಚು 22,000 ಕಳೆದು 14,000 ಉಳಿಯುತ್ತದೆ. ಅದೇ ಫಸಲು 1,600ಕ್ಕೆ ಹೋದರೆ ಉಳಿಕೆ 6,800. ಬೆಳೆಗೆ ಏನೂ ಆಗದೆ ಉಳಿಕೆ ಅರ್ಧಕ್ಕಿಂತ ಕೆಳಗಿಳಿಯಿತು. 2025ರ ಕೊಯ್ಲಿನಲ್ಲಿ ಬೆಂಬಲ ಬೆಲೆ 2,400 ಎಂದಿದ್ದರೂ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ನಿಂತು ರೈತರು ಬೀದಿಗಿಳಿಯಬೇಕಾಯಿತು. ಹಾಗಾಗಿ ಮೆಕ್ಕೆಜೋಳಕ್ಕೆ ಗೇಣಿಯನ್ನು ಕಾಳಿನಲ್ಲೇ ಗೊತ್ತುಮಾಡುವುದು, ಅಥವಾ ಕೊಯ್ಲಿನ ವಾರದ ಎಪಿಎಂಸಿ ದರದ ಮೇಲೆ ದುಡ್ಡು ಕಟ್ಟುವುದು ಲೇಸು. ಹುಳದ ಖರ್ಚನ್ನೂ ಮರೆಯಬೇಡಿ. ಫಾಲ್ ಸೈನಿಕ ಹುಳವನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲೇ, 2018ರ ಮೇ ತಿಂಗಳಲ್ಲಿ. ಅಲ್ಲಿಂದೀಚೆಗೆ ಸುಳಿಗೆ ಔಷಧಿ ಬಿಡುವುದು ಪ್ರತಿ ವರ್ಷದ ಖರ್ಚಾಗಿದೆ.

ಶುಂಠಿಯವರು ಬಂದು ಕೇಳುವ ಮೊತ್ತದ ಮುಂದೆ ಭತ್ತ, ಜೋಳದವರು ನಿಲ್ಲಲಾರರು. ಕೊಡುವುದು ಬಿಡುವುದು ಜಮೀನಿನವರ ಇಷ್ಟ, ಆದರೆ ಆ ಮೊತ್ತವನ್ನು ಪೂರ್ತಿ ಆದಾಯ ಎಂದುಕೊಳ್ಳಬೇಡಿ. ಶುಂಠಿಗೆ ಬದು ಒಡೆದು ಪಟ್ಟೆ ಏರಿಸುತ್ತಾರೆ, ಬಸಿಗಾಲುವೆ ತೋಡುತ್ತಾರೆ. ಗದ್ದೆಯನ್ನು ಮತ್ತೆ ಮಟ್ಟ ಮಾಡಿ ನೀರು ನಿಲ್ಲುವಂತೆ ಮಾಡಲು ಜೆಸಿಬಿ, ಟ್ರ್ಯಾಕ್ಟರ್ ಖರ್ಚಿದೆ. ಕೊಳೆ ರೋಗ, ಹಸಿರು ಸೊರಗು ಬಂದ ಮಣ್ಣಿನಲ್ಲಿ ರೋಗಾಣು ವರ್ಷಗಟ್ಟಲೆ ಉಳಿಯುತ್ತದೆ, ಮತ್ತೆ ಶುಂಠಿಗೆ ಅದೇ ಜಮೀನನ್ನು ಬೇಗ ಯಾರೂ ಕೇಳುವುದಿಲ್ಲ. ಉಳಿದ ಗೊಬ್ಬರದ ಬಲದಿಂದ ಮರುವರ್ಷದ ಭತ್ತ ಚೆನ್ನಾಗಿ ಬರುವುದುಂಟು ನಿಜ, ಅದು ಒಂದು ವರ್ಷದ ಮಾತು. ಕೊಡುವುದಾದರೆ ಬದು ಮೊದಲಿದ್ದಂತೆ ಕಟ್ಟಿಕೊಡಬೇಕು ಎಂಬ ಕರಾರಿನ ಮೇಲೆ ಒಂದಿಷ್ಟು ಹಣ ತಡೆದಿಟ್ಟುಕೊಂಡು ಕೊಡಿ.

ಗದ್ದೆಗೆ ಅಡಿಕೆ ಹಾಕುವುದು ಗುತ್ತಿಗೆಯ ಜೊತೆ ಹೋಲಿಸುವ ವಿಷಯವೇ ಅಲ್ಲ, ಒಮ್ಮೆ ಹಾಕಿದರೆ ಮತ್ತೆ ಗದ್ದೆಯಾಗುವುದಿಲ್ಲ. ಫಸಲಿಗೆ ಐದಾರು ವರ್ಷ ಕಾಯಬೇಕು. ಎಲೆಚುಕ್ಕೆ ರೋಗ ತೀರ್ಥಹಳ್ಳಿ, ಹೊಸನಗರದ ತೋಟಗಳಿಗೆ ಮಾಡಿದ್ದನ್ನು ನೋಡಿಯೂ ಬೈಲುಗದ್ದೆಗೆ ಸಸಿ ತರುವವರು ಇನ್ನೊಮ್ಮೆ ಯೋಚಿಸಲಿ.

ಕಾನೂನು, ಮತ್ತು ಜಮೀನಿನವರ ಹೆಸರಿಗೆ ಬರುವ ಹಣ

ಕರ್ನಾಟಕದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವರು ಫಾರಂ 7 ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮುಂದೆ ಜಮೀನು ಪಡೆದರು. ಮುಂದೆ ಗೇಣಿ ಕೊಡುವುದನ್ನು 5ನೇ ಕಲಂ ನಿಷೇಧಿಸಿತು, ಸೈನಿಕರಿಗೆ, ನಾವಿಕರಿಗೆ ವಿನಾಯಿತಿ. 2020ರ ತಿದ್ದುಪಡಿ ಜಮೀನು ಕೊಳ್ಳುವವರ ಮೇಲಿದ್ದ ನಿರ್ಬಂಧಗಳನ್ನು ತೆಗೆಯಿತೇ ಹೊರತು ಇದನ್ನಲ್ಲ. ನಡೆಯುತ್ತಿರುವ ಗುತ್ತಿಗೆಯೆಲ್ಲ ಬಾಯಿಮಾತಿನದು. ಕಾಗದ ಮಾಡಿಕೊಳ್ಳುವ ಮುನ್ನ ವಕೀಲರನ್ನು ಕೇಳಲೇಬೇಕು.

ಬಾಯಿಮಾತಿನ ಪರಿಣಾಮ ಮಣ್ಣಿನ ಮೇಲೂ ಆಗಿದೆ. ಒಬ್ಬನೇ ಬಹುಕಾಲ ಮಾಡಿದರೆ ಹಕ್ಕು ಕೇಳಿಯಾನು ಎಂಬ ಹಳೆಯ ಭಯದಿಂದ ಜಮೀನಿನವರು ವರ್ಷ ವರ್ಷ ಆಳು ಬದಲಿಸುತ್ತಾರೆ. ಮುಂದಿನ ವರ್ಷ ತನಗಿಲ್ಲದ ಗದ್ದೆಗೆ ಕೊಟ್ಟಿಗೆ ಗೊಬ್ಬರ ಹೊರುವವರು ಯಾರು? ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣ ಹಾಕಿದರೆ ಅದರ ಫಲ ಮೂರ್ನಾಲ್ಕು ವರ್ಷ ಹರಡಿಕೊಂಡು ಬರುತ್ತದೆ, ಒಂದು ವರ್ಷದ ಗುತ್ತಿಗೆಯವನು ಅದನ್ನು ಹಾಕುವುದಿಲ್ಲ. ಯೂರಿಯಾ ಎರಚುತ್ತಾನೆ, ಬೆಳೆ ತೆಗೆಯುತ್ತಾನೆ, ಹೋಗುತ್ತಾನೆ. ನಂಬಿಕೆ ಇರುವ ಕಡೆ ಮೂರು ವರ್ಷದ ಮಾತಾಡಿ, ಸುಣ್ಣ ಮತ್ತು ಬದುವಿನ ಖರ್ಚನ್ನು ಜಮೀನಿನವರು ಹಾಕಿ.

ಪಹಣಿಯಲ್ಲಿ ಹೆಸರಿದ್ದವರಿಗೇ ಸಿಗುವ ಅನುಕೂಲಗಳು ಹಲವು. ಸೊಸೈಟಿಯಲ್ಲಿ 5 ಲಕ್ಷದವರೆಗೆ ಬಡ್ಡಿಯಿಲ್ಲದ ಬೆಳೆಸಾಲ ಇದೆ. ಫಸಲ್ ಬಿಮಾ ವಿಮೆಯಲ್ಲಿ ಮುಂಗಾರು ಭತ್ತ, ಜೋಳಕ್ಕೆ ವಿಮಾ ಮೊತ್ತದ ಶೇಕಡಾ 2ರಷ್ಟು ಕಂತು, ನಿಯಮದಲ್ಲಿ ಗೇಣಿದಾರನಿಗೂ ಅವಕಾಶ ಇದೆ, ಕಾಗದ ಇಲ್ಲದವನಿಗೆ ಅದು ದಕ್ಕುವುದಿಲ್ಲ. ಬರ, ನೆರೆಯಲ್ಲಿ ಬೆಳೆ ಹೋದರೆ 2025-26ರವರೆಗಿನ ಕೇಂದ್ರದ ಮಾರ್ಗಸೂಚಿಯಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿ ಬೆಳೆಗೆ 17,000 ರೂಪಾಯಿ ಪರಿಹಾರ ನೇರ ಖಾತೆಗೆ ಬೀಳುತ್ತದೆ. ಬೆಳೆ ಕಳೆದುಕೊಂಡವನು ಒಬ್ಬ, ಪರಿಹಾರ ಬಂದದ್ದು ಇನ್ನೊಬ್ಬರಿಗೆ. ಇದು ನ್ಯಾಯವಲ್ಲ. ದುಡ್ಡಿನ ಗುತ್ತಿಗೆಯಾದರೆ ವಿಮೆ, ಪರಿಹಾರ ಎರಡೂ ಗದ್ದೆ ಮಾಡಿದವನಿಗೆ ಪೂರ್ತಿ ಸೇರಬೇಕು, ಪಾಲಾದರೆ ಪಾಲಿನಂತೆ. ವಿಮೆಯಲ್ಲಿ ಬರೆಸಿದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಒಂದೇ ಇರಬೇಕು. ಸಮೀಕ್ಷೆಗೆ ಫೋಟೊ ತೆಗೆಯುವ ದಿನ ಗದ್ದೆ ಮಾಡುವವನು ಅಲ್ಲೇ ನಿಂತಿರಲಿ.

ಭೋಗ್ಯದ ಬಗ್ಗೆ ಎರಡು ಮಾತು. ಒಟ್ಟು ಹಣ ಕೊಟ್ಟು, ಅದು ವಾಪಸು ಬರುವವರೆಗೆ ಗದ್ದೆ ಮಾಡಿಕೊಂಡಿರುವ ಈ ವ್ಯವಹಾರದಲ್ಲಿ ಫಸಲೇ ಬಡ್ಡಿ. ಎರಡು ಲಕ್ಷ ಕೊಟ್ಟು ಎರಡೆಕರೆ ನಾಲೆಗದ್ದೆ ಹಿಡಿದರೆ, ಮೇಲಿನ ಲೆಕ್ಕದ ಸರಾಸರಿ ಉಳಿಕೆಯಂತೆ ಮಳೆಗಾಲದ ಬೆಳೆಯೊಂದರಿಂದಲೇ ವರ್ಷಕ್ಕೆ 32,300, ಅಂದರೆ ಶೇಕಡಾ 16ರ ಬಡ್ಡಿ. ಆಸ್ಪತ್ರೆಗೋ ಮದುವೆಗೋ ಹಣ ಬೇಕಾಗಿ ಗದ್ದೆಯನ್ನು ಭೋಗ್ಯಕ್ಕೆ ಹಾಕುವವರು ಮೊದಲು ಸೊಸೈಟಿಯ ಬಾಗಿಲು ತಟ್ಟಿ ನೋಡಲಿ.

ಯಾವ ಬಗೆಗೆ ಒಪ್ಪಿದರೂ ಮಾತು ಮೇ ತಿಂಗಳ ಮೊದಲ ವಾರದೊಳಗೆ ಮುಗಿಯಬೇಕು. ಆಮೇಲೆ ಮಾತಾದರೆ ಮೊದಲ ಮಳೆಗೆ ಉಳುಮೆ ತಪ್ಪುತ್ತದೆ, ಹಸಿರೆಲೆ ಗೊಬ್ಬರಕ್ಕೆ ಸೆಣಬು, ಡಯಂಚ ಚೆಲ್ಲಲು ಹೊತ್ತು ಸಿಗುವುದಿಲ್ಲ, ಸಸಿಮಡಿ ತಡವಾಗುತ್ತದೆ, ತಡವಾದ ನಟ್ಟಿಗೆ ಹುಳ ಹೆಚ್ಚು. ಎಕರೆಗೆ ಐನೂರು ರೂಪಾಯಿ ಹೆಚ್ಚು ಕಡಿಮೆ ಎಂದು ಜೂನ್‌ವರೆಗೆ ಎಳೆದಾಡಿದರೆ ಅದಕ್ಕಿಂತ ದೊಡ್ಡ ಮೊತ್ತ ಗದ್ದೆಯಲ್ಲೇ ಹೋಗಿರುತ್ತದೆ.